ಸುಳ್ಳು ಕುಸ್ತಿ

ಆಫೀಸಿನ ಕೆಫೆಟೇರಿಯಾದಲ್ಲಿ ಊಟ ಮಾಡ್ತಾ ಮೊಬೈಲಿನಲ್ಲಿ ಕುಸ್ತಿ ನೋಡ್ತಿದ್ದೆ. ಕುಸ್ತಿ ಅಂದ್ರೆ ಡಬ್ಲ್ಯುಡಬ್ಲ್ಯುಇ, ವಾರಕ್ಕೊಂದು ಸಲ ಬರೋ 'ರಾ'. ಎದುರಿಗೆ ಕೂತಿದ್ದ ಗೆಳೆಯ ಇಣುಕಿ ನೋಡಿ ನಕ್ಕ.

"ಮೂವತ್ತೈದು ಹತ್ರ ಬಂತು, ಇನ್ನೂ ಇದನ್ನ ನೋಡ್ತೀಯಲ್ಲೋ. ಎಲ್ಲಾ ಸುಳ್ಳು ಅಂತ ಗೊತ್ತಿಲ್ವಾ?"

"ಗೊತ್ತು. ನೀನು ನಿನ್ನೆ ನೋಡಿದ ಸಿನಿಮಾದಲ್ಲಿ ವಿಲನ್ ನಿಜವಾಗ್ಲೂ ಸತ್ನಾ?"

ಇದು ನನ್ನ ಮಾಮೂಲಿ ಉತ್ತರ. ಹತ್ತು ವರ್ಷದಿಂದ ಇದನ್ನೇ ಹೇಳಿ ತಪ್ಪಿಸಿಕೊಳ್ತಾ ಬಂದಿದ್ದೀನಿ. ಈ ಗೆಳೆಯ ಮಾತ್ರ ಬಿಡಲಿಲ್ಲ. "ಸಿನಿಮಾದವರು ಇದು ನಿಜ ಅಂತ ಹೇಳಲ್ಲ. ಇವರು ಹೇಳ್ತಾರೆ. ರೆಫರಿ ಇದಾನೆ, ಬೆಲ್ಟ್ ಇದೆ, ಸೋತವನು ಕಣ್ಣೀರು ಹಾಕ್ತಾನೆ. ಯಾರು ಗೆಲ್ಲಬೇಕು ಅಂತ ಮೊದ್ಲೇ ಬರೆದಿಟ್ಟು, ಆಮೇಲೆ ನಿಜವಾದ ಪಂದ್ಯದ ಥರ ತೋರಿಸೋದು ಮೋಸ ಅಲ್ವಾ?"

ಅವನು ತಟ್ಟೆ ಎತ್ತಿಕೊಂಡು ಹೋದ. ನಾನು ಅಲ್ಲೇ ಕೂತಿದ್ದೆ. ಮೋಸ ಅನ್ನೋ ಆ ಮಾತು ನನಗೆ ತಾಗಿದ್ದಕ್ಕೆ ಕಾರಣ ಡಬ್ಲ್ಯುಡಬ್ಲ್ಯುಇ ಮೇಲಿನ ಅಭಿಮಾನ ಅಷ್ಟೇ ಅಲ್ಲ. ಒಬ್ಬರು ನಮ್ಮ ದೊಡ್ಡಪ್ಪ ನೆನಪಾದ್ರು, ಇನ್ನೊಂದು ನಾನೇ ಮಾಡಿದ ಒಂದು ಕೆಲಸ ನೆನಪಾಯ್ತು.

*

ನಮ್ಮೂರು ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗೋ ದಾರಿಯಿಂದ ಸ್ವಲ್ಪ ಒಳಗಿದೆ. ಊರು ಇದ್ದಲ್ಲೇ ಇದ್ರೂ ನಾನು ಹುಟ್ಟಿದಾಗ ಬಳ್ಳಾರಿ ಜಿಲ್ಲೆ, ಓದುವಾಗ ದಾವಣಗೆರೆ ಜಿಲ್ಲೆ, ಆಮೇಲೆ ಮತ್ತೆ ಬಳ್ಳಾರಿ, ಈಗ ವಿಜಯನಗರ. ಡಬ್ಲ್ಯುಡಬ್ಲ್ಯುಇ ಕಥೆ ಬರೆಯೋರೂ ಇಷ್ಟು ಸಲ ಪಾರ್ಟಿ ಬದಲಾಯಿಸೋದಿಲ್ಲ.

2003ರ ಸುಮಾರಿಗೆ ನಾನು ಹೈಸ್ಕೂಲು. ಊರಲ್ಲಿ ಒಬ್ಬ ಡಿಶ್‌ನವನಿದ್ದ. ಅವನು ಕೊಡ್ತಿದ್ದಿದ್ದು ಕೆಲವೇ ಚಾನೆಲ್ಲು. ಟೆನ್ ಸ್ಪೋರ್ಟ್ಸ್ ಹಾಕಬೇಕಂದ್ರೆ ಯಾವುದಾದ್ರೂ ಒಂದನ್ನ ತೆಗೀಬೇಕಿತ್ತು. ಕುಸ್ತಿ ಬರೋ ದಿನ ನಾವು ಹುಡುಗರು ಅವನ ಮನೆ ಮುಂದೆ ಹೋಗಿ ನಿಲ್ತಿದ್ವಿ. ಧಾರಾವಾಹಿ ತಪ್ಪಿದ ಹೆಂಗಸರು ಅವನಿಗೆ ಬೈತಿದ್ರು. ಕರೆಂಟು ಇದ್ದು, ಡಿಶ್‌ನವನೂ ಒಪ್ಪಿದ್ರೆ ನಮ್ಮ ಮನೆ ಪಡಸಾಲೆ ತುಂಬಾ ಜನ.

ಮುಂದಿನ ಸಾಲಿನಲ್ಲಿ, ಗೋಡೆಗೆ ಒರಗಿಕೊಂಡು ನಮ್ಮ ದೊಡ್ಡಪ್ಪ. ಹರೇದಾಗ ಅವರು ಪೈಲ್ವಾನ್. ಗರಡಿ ಮನೆಯ ಕೆಮ್ಮಣ್ಣಿನಲ್ಲಿ ಬೆಳೆದವರು. ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆ ಜಾತ್ರೆಗಳಿಗೆ ಹೋಗಿ ಬೆಳ್ಳಿ ಕಡಗ ಗೆದ್ದು ತಂದವರು. ತಿಕ್ಕಾಡಿ ತಿಕ್ಕಾಡಿ ಎರಡೂ ಕಿವಿ ಮುದುಡಿ ಗಂಟಾಗಿದ್ದವು. ಟೀವಿ ಮುಂದೆ ಕೂತ್ರೆ ಅವರಿಗೆ ಸುಮ್ಮನಿರೋಕೆ ಬರ್ತಿರಲಿಲ್ಲ. "ಕಾಲ್ ಹಿಡಿಯಲೇ, ಕಾಲ್ ಹಿಡಿ!" ಅಂತ ಅಮೆರಿಕದ ಆ ದೈತ್ಯನಿಗೆ ನಮ್ಮ ಪಡಸಾಲೆಯಿಂದ ಪಟ್ಟು ಹೇಳಿಕೊಡ್ತಿದ್ರು. ಯಾರಾದ್ರೂ ಹಿಂದಿನಿಂದ ಬಂದು ಕಬ್ಬಿಣದ ಕುರ್ಚಿಯಲ್ಲಿ ಹೊಡೆದ್ರೆ ಎದ್ದೇ ನಿಲ್ತಿದ್ರು. "ಆ ರೆಫ್ರಿಗೆ ಕಣ್ಣು ಹೋಗ್ಯಾವೇನು?"

ನಾವು ಹುಡುಗರಂತೂ ಎಲ್ಲಾನೂ ನಂಬಿದ್ವಿ. ಅಂಡರ್‌ಟೇಕರ್‌ಗೆ ಏಳು ಜೀವ, ಏಳು ಸಲ ಸತ್ತು ಎದ್ದು ಬಂದಾನೆ ಅಂತ ನಂಬಿದ್ವಿ. ಅಕ್ಷಯ್ ಕುಮಾರ್ 1996ರ 'ಖಿಲಾಡಿಯೋಂ ಕಾ ಖಿಲಾಡಿ' ಸಿನಿಮಾದಲ್ಲಿ ಅಂಡರ್‌ಟೇಕರ್‌ನನ್ನು ನಿಜವಾಗಿಯೂ ಎತ್ತಿ ಒಗೆದಿದ್ದಾನೆ ಅಂತಾನೂ ನಂಬಿದ್ವಿ. ಆ ಸಿನಿಮಾದಲ್ಲಿ ಇದ್ದವನು ಅಂಡರ್‌ಟೇಕರ್ ಅಲ್ಲವೇ ಅಲ್ಲ, ಬ್ರಯಾನ್ ಲೀ ಅನ್ನೋ ಇನ್ನೊಬ್ಬ ಕುಸ್ತಿಪಟು. ತಮಾಷೆ ಏನಂದ್ರೆ, ಅದಕ್ಕೂ ಎರಡು ವರ್ಷ ಮುಂಚೆ, 1994ರಲ್ಲಿ, ಟೀವಿ ಕುಸ್ತಿಯಲ್ಲೇ 'ನಕಲಿ ಅಂಡರ್‌ಟೇಕರ್' ಅನ್ನೋ ಕಥೆ ಮಾಡಿದಾಗಲೂ ಆ ನಕಲಿಯಾಗಿ ಬಂದವನು ಇವನೇ.

ನನಗೆ ಇದೆಲ್ಲಾ ಗೊತ್ತಾಗಿದ್ದು 2008ರಲ್ಲಿ, ದಾವಣಗೆರೆಗೆ ಬಿಇ ಓದೋಕೆ ಹೋದ ಮೇಲೆ. ಹಾಸ್ಟೆಲಿನ ಹಿಂದಿದ್ದ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಓದಿದೆ. ಯಾರು ಗೆಲ್ಲಬೇಕು ಅನ್ನೋದನ್ನ ಬರಹಗಾರರು ತೀರ್ಮಾನ ಮಾಡ್ತಾರೆ. ಒಳ್ಳೆಯವನಿಗೆ 'ಫೇಸ್' ಅಂತಾರೆ, ಕೆಟ್ಟವನಿಗೆ 'ಹೀಲ್'. ಪೆಟ್ಟು ತಿಂದವನು ನೋವನ್ನ ಜನರಿಗೆ ಕಾಣೋ ಹಾಗೆ ಮಾಡೋದಕ್ಕೆ 'ಸೆಲ್ಲಿಂಗ್'. ಇದೆಲ್ಲಾ ನಿಜ ಅಂತ ಹೊರಗಿನವರ ಮುಂದೆ ಕಾಪಾಡಿಕೊಂಡು ಬರೋ ಗುಟ್ಟಿಗೆ 'ಕೇಫೇಬ್'.

ದೀಪಾವಳಿ ರಜೆಗೆ ಊರಿಗೆ ಹೋದಾಗ ನನಗೆ ತಡೆಯೋಕೆ ಆಗಲಿಲ್ಲ. ಪಡಸಾಲೆಯಲ್ಲಿ ಹತ್ತು ಹದಿನೈದು ಜನ ಕೂತಿದ್ರು. ದೊಡ್ಡಪ್ಪ ಎಂದಿನಂತೆ ಕೂಗ್ತಿದ್ರು. ನಾನು ಓದಿದವನ ಗತ್ತಿನಲ್ಲಿ ಹೇಳಿದೆ: "ಸುಮ್ನ ಕೂಗಬ್ಯಾಡ್ರಿ ದೊಡ್ಡಪ್ಪ. ಎಲ್ಲಾ ಮೊದ್ಲ ಬರ್ದಿಟ್ಟಿರ್ತಾರ. ಯಾರ್ ಬೀಳಬೇಕು, ಯಾವಾಗ ಬೀಳಬೇಕು, ಎಲ್ಲಾ."

ದೊಡ್ಡಪ್ಪ ನನ್ನ ಮುಖ ನೋಡಿದ್ರು, ಟೀವಿ ನೋಡಿದ್ರು. ಏನೂ ಮಾತಾಡಲಿಲ್ಲ. ಪಂದ್ಯ ಮುಗಿಯೋಕೆ ಮುಂಚೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದ್ರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ ಅಂತ ಅವ್ವ ಫೋನಿನಲ್ಲಿ ಹೇಳಿದಳು. "ಏನಂದಿ ಅವ್ರಿಗೆ?"

ನಿಜವನ್ನೇ ಹೇಳಿದ್ದೆ. ಆದರೂ ಏನೋ ಕದ್ದವನ ಹಾಗೆ ಅನ್ನಿಸ್ತಿತ್ತು.

*

ಈಗ ಗೆಳೆಯನ ಪ್ರಶ್ನೆಗೆ ಬರ್ತೀನಿ. ಫಲಿತಾಂಶ ಮೊದಲೇ ತೀರ್ಮಾನ ಆಗಿರೋದೇ ಮೋಸನಾ?

ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಈ ಪ್ರಶ್ನೆ ವಿಚಿತ್ರವಾಗಿ ಕಾಣುತ್ತೆ. ರಾತ್ರಿಯಿಡೀ ಬಯಲಲ್ಲಿ ಕೂತು ನೋಡೋ ಆಟ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ, ನೀವು ಯಾರು, ಎತ್ತಣವರು ಅಂತ ಕೇಳ್ತಾನೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ದುರ್ಯೋಧನ ನೆಲ ಅದುರೋ ಹಾಗೆ ಕುಣಿದು ತನ್ನ ಹೆಸರು, ತನ್ನ ಬಿರುದು ಹೇಳಿಕೊಳ್ತಾನೆ. ಡಬ್ಲ್ಯುಡಬ್ಲ್ಯುಇಯಲ್ಲಿ ಹಾಡು ಹಾಕಿ, ಪಟಾಕಿ ಹೊಡೆದು ಒಬ್ಬೊಬ್ಬರೇ ಬರ್ತಾರಲ್ಲ, ಅದೇ ಇದು. ದುರ್ಯೋಧನನ ವೇಷದಲ್ಲಿರೋನು ನಮ್ಮೂರ ಕಿರಾಣಿ ಅಂಗಡಿಯವನು ಅಂತ ಎಲ್ಲರಿಗೂ ಗೊತ್ತು. ಬೆಳಗಿನ ಜಾವ ಅವನು ತೊಡೆ ಮುರಿದು ಬೀಳ್ತಾನೆ ಅಂತಾನೂ ಗೊತ್ತು. ಆದರೂ ಅವನು ಬಿದ್ದಾಗ ನಮ್ಮಜ್ಜಿ ಕಣ್ಣು ಒರೆಸಿಕೊಳ್ತಿದ್ದಳು. ಮಾರನೇ ದಿನ ಅದೇ ಅಂಗಡಿಗೆ ಹೋಗಿ ಬೆಲ್ಲಕ್ಕೆ ಚೌಕಾಸಿನೂ ಮಾಡ್ತಿದ್ದಳು. ಅವಳಿಗೆ ಯಾರೂ ಮೋಸ ಮಾಡಿರಲಿಲ್ಲ.

ನನಗೂ ಒಂದು ಸಲ ಹೀಗೇ ಆಯ್ತು. 2014ರ ಏಪ್ರಿಲ್ 6ರಂದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ರೆಸಲ್‌ಮೇನಿಯಾ. ಇಲ್ಲಿ ನಮಗೆ ಸೋಮವಾರ ಬೆಳಗ್ಗೆ. ರೆಸಲ್‌ಮೇನಿಯಾದಲ್ಲಿ ಆಡಿದ ಇಪ್ಪತ್ತೊಂದಕ್ಕೆ ಇಪ್ಪತ್ತೊಂದನ್ನೂ ಗೆದ್ದಿದ್ದ ಅಂಡರ್‌ಟೇಕರ್ ಅವತ್ತು ಬ್ರಾಕ್ ಲೆಸ್ನರ್ ಕೈಯಲ್ಲಿ ಸೋತ. ರೆಫರಿ ಮೂರು ಸಲ ನೆಲ ತಟ್ಟಿದ ಮೇಲೆ ಅಷ್ಟು ದೊಡ್ಡ ಸ್ಟೇಡಿಯಂ ಒಂದು ಕ್ಷಣ ತಣ್ಣಗಾಯ್ತು. ಬಾಯಿ ತೆರೆದು, ತಲೆ ಮೇಲೆ ಕೈ ಹೊತ್ತು ನಿಂತ ಜನ. ಅಲ್ಲಿದ್ದವರಿಗೂ ಇದು ಬರೆದಿಟ್ಟ ಸೋಲು ಅಂತ ಗೊತ್ತು. ಬೆಂಗಳೂರಿನ ಪಿಜಿ ರೂಮಿನಲ್ಲಿ ಹಲ್ಲುಜ್ಜೋ ಬ್ರಶ್ ಹಿಡಿದು ನಿಂತಿದ್ದ ನನಗೂ ಗೊತ್ತು. ಆದರೂ ಗಂಟಲು ಕಟ್ಟಿತು. ನಮ್ಮ ಪಡಸಾಲೆ, ಡಿಶ್‌ನವನು, ದೊಡ್ಡಪ್ಪ, ಎಲ್ಲಾ ಒಟ್ಟಿಗೆ ಮುಗಿದುಹೋದ ಹಾಗೆ. ಆ ಸೋಲು ಬರೆದಿಟ್ಟದ್ದಾದ್ರೂ ನನಗಾದ ದುಃಖವನ್ನ ಯಾರೂ ಬರೆದಿರಲಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ನಮ್ಮ ದೊಡ್ಡಾಟದಲ್ಲೇ ಬರೋ ಧರ್ಮರಾಯ. ಅಶ್ವತ್ಥಾಮ ಸತ್ತ ಅಂತ ದ್ರೋಣರಿಗೆ ಹೇಳ್ತಾನೆ, ಆನೆ ಅನ್ನೋದನ್ನ ಕೇಳದ ಹಾಗೆ ಹೇಳ್ತಾನೆ. ಅವನ ಬಾಯಿಂದ ಬಂದ ಒಂದೊಂದು ಪದವೂ ನಿಜ. ಆ ಹೆಸರಿನ ಆನೆ ಸತ್ತಿತ್ತು. ಆದರೂ ಅದು ಸುಳ್ಳು ಅನ್ನೋದು ಕಥೆ ಕೇಳಿದ ಸಣ್ಣ ಮಗುವಿಗೂ ಗೊತ್ತಾಗುತ್ತೆ. ಯಾಕಂದ್ರೆ ದ್ರೋಣರು ಆ ಮಾತು ನಂಬಿ ಬಿಲ್ಲು ಕೆಳಗಿಟ್ರು. ನಿಜವನ್ನೇ ಹೇಳಿ ಮೋಸ ಮಾಡಬಹುದು. ಹಾಗಾದ್ರೆ ಸುಳ್ಳನ್ನ ಆಡಿ ತೋರಿಸಿ ಮೋಸ ಮಾಡದೇ ಇರೋಕೂ ಸಾಧ್ಯ ಇರಬೇಕಲ್ವಾ? ಫಲಿತಾಂಶ ಬರೆದಿತ್ತಾ ಇಲ್ವಾ ಅನ್ನೋದಕ್ಕಿಂತ, ನೋಡೋನು ಏನನ್ನ ನಂಬಿ ತನ್ನ ಕೈಯಲ್ಲಿದ್ದುದನ್ನ ಕೆಳಗಿಟ್ಟ ಅನ್ನೋದು ಮುಖ್ಯ.

ಈ ಅಳತೆ ಹಿಡಿದು ನೋಡಿದ್ರೆ ಡಬ್ಲ್ಯುಡಬ್ಲ್ಯುಇ ಕಥೆ ಸ್ವಲ್ಪ ಗೋಜಲು. ಬಹಳ ವರ್ಷ ಆ ಧಂಧೆಯವರು ಇದು ನಿಜವಾದ ಕುಸ್ತಿ ಅಂತಾನೇ ಹೇಳ್ತಾ ಬಂದ್ರು. 1989ರಲ್ಲಿ ಆ ಕಂಪನಿಯೇ ನ್ಯೂಜೆರ್ಸಿ ರಾಜ್ಯದ ಸೆನೆಟ್ ಎದುರು ಇದು ಕ್ರೀಡೆ ಅಲ್ಲ, ಮನರಂಜನೆ ಅಂತ ಒಪ್ಪಿಕೊಂಡಿತು. ಮನಸ್ಸಾಕ್ಷಿ ಕಾಡಿ ಹೇಳಿದ್ದಲ್ಲ. ಕ್ರೀಡೆ ಅಂತಾದ್ರೆ ಸರ್ಕಾರದ ಕ್ರೀಡಾ ಆಯೋಗದ ನಿಯಮ, ಶುಲ್ಕ ಎಲ್ಲಾ ಬೀಳುತ್ತೆ, ಮನರಂಜನೆ ಅಂದ್ರೆ ತಪ್ಪುತ್ತೆ. ದುಡ್ಡು ಉಳಿಸೋಕೆ ನಿಜ ಹೇಳಿದ್ರು. ರಿಂಗಿನ ಒಳಗೆ ಅವತ್ತಿನಿಂದ ಏನೂ ಬದಲಾಗಲಿಲ್ಲ. ಅವೇ ಪೆಟ್ಟು, ಅವೇ ಕಣ್ಣೀರು. ಆದರೆ ನೋಡೋನಿಗೆ ಹೇಳಿದ ಮಾತು ಬದಲಾಯ್ತು. ನನ್ನ ಲೆಕ್ಕದಲ್ಲಿ ಹಿಂದಿನ ದಿನದವರೆಗೆ ಮೋಸ ಆಗಿದ್ದು ಅವತ್ತಿನಿಂದ ಆಟ ಆಯ್ತು. ಹೇಳಿದ ಕಾರಣ ಸಣ್ಣದಾದ್ರೂ ಹೇಳಿದ ಮಾತು ನಿಜವೇ.

*

ಇಲ್ಲಿಗೇ ಮುಗಿಸಿದ್ರೆ ಗೆಳೆಯನ ಮುಂದೆ ನಾನು ಗೆದ್ದ ಹಾಗೆ. ಆದರೆ ನನ್ನ ವಾದಕ್ಕೆ ನನಗೇ ಎರಡು ತಕರಾರು ಇವೆ.

ಮೊದಲನೇದು: ಹೇಳಿದ್ರು ಸರಿ, ಯಾರಿಗೆ ಹೇಳಿದ್ರು? ನ್ಯೂಜೆರ್ಸಿಯ ಸೆನೆಟಿಗೆ ಹೇಳಿದ್ದು ನಮ್ಮೂರ ಪಡಸಾಲೆಗೆ ಬರಲಿಲ್ಲ. ನಮಗೆ ಬರ್ತಿದ್ದಿದ್ದು ಪಂದ್ಯದ ನಡುವೆ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ, ಮನೆಯಲ್ಲಿ ಇದನ್ನ ಮಾಡಬೇಡಿ ಅಂತ. ಕನ್ನಡ ಮೀಡಿಯಂ ಹುಡುಗರು ನಾವು. ಅದರಲ್ಲಿ ನಮಗೆ ಕಂಡಿದ್ದು ಯಾರೋ ಸ್ಟ್ರೆಚರ್ ಮೇಲೆ ಹೋಗೋ ಚಿತ್ರ, ಅದು ಇನ್ನೂ ರೋಮಾಂಚನ. ಒಂದು ದಿನ ಶೇಂಗಾ ಹೊಟ್ಟಿನ ಗುಡ್ಡೆ ಮೇಲೆ ನಾನು ಕೇನ್, ನನ್ನ ಗೆಳೆಯ ಬಿಗ್ ಶೋ. ಕುತ್ತಿಗೆ ಹಿಡಿದು ಎತ್ತಿ ಒಗೆಯೋ ಪಟ್ಟು. ಎತ್ತಿದೆ, ಆದರೆ ಹೊಟ್ಟಿನ ಮೇಲೆ ಬೀಳಲಿಲ್ಲ ಅವನು, ಪಕ್ಕದ ಕಲ್ಲಿನ ಮೇಲೆ ಬಿದ್ದ. ಭುಜದ ಮೂಳೆ ಮುರಿಯಿತು. ಅವನ ಅಪ್ಪ ಕೊಟ್ಟೂರಿಗೆ ಕರಕೊಂಡು ಹೋಗಿ ಕಟ್ಟು ಹಾಕಿಸಿಕೊಂಡು ಬಂದ್ರು. ಆ ವರ್ಷ ಅವನು ಮೂರು ವಾರ ಶಾಲೆಗೆ ಬರಲಿಲ್ಲ. ಅವನ ಎಡಗೈ ಈಗಲೂ ಪೂರ್ತಿ ಮೇಲೆ ಹೋಗೋದಿಲ್ಲ.

ನಾವು ಸಾಫ್ಟ್‌ವೇರ್‌ನವರು ನಲವತ್ತು ಪುಟದ ನಿಯಮ ಬರೆದು, ಕೆಳಗೆ 'ನಾನು ಒಪ್ಪಿದ್ದೇನೆ' ಅಂತ ಒಂದು ಬಟನ್ ಇಡ್ತೀವಲ್ಲ, ಅದೂ ಈ ಎಚ್ಚರಿಕೆಯ ಥರದ್ದೇ. ಹೇಳಿದ್ದೀವಿ ಅಂತ ನಾವು ತೋರಿಸಬಹುದು. ಕೇಳೋನಿಗೆ ತಿಳಿಯೋ ಭಾಷೆಯಲ್ಲಿ, ತಿಳಿಯೋ ಜಾಗದಲ್ಲಿ ಹೇಳದಿದ್ರೆ ಅದು ಧರ್ಮರಾಯನ ಆನೆ ಇದ್ದ ಹಾಗೆ.

ಎರಡನೇ ತಕರಾರು ಇದಕ್ಕಿಂತ ಭಾರ. ಬರೆದಿಟ್ಟಿರೋದು ಯಾರು ಗೆಲ್ತಾರೆ ಅನ್ನೋದನ್ನ. ಯಾರಿಗೆ ನೋವಾಗುತ್ತೆ ಅನ್ನೋದನ್ನ ಬರೆಯೋಕೆ ಆಗಲ್ಲ. 1998ರ ಜೂನ್ 28ರಂದು ಮಿಕ್ ಫೋಲಿಯನ್ನು ಅಂಡರ್‌ಟೇಕರ್ 16 ಅಡಿ ಎತ್ತರದ ಪಂಜರದ ಮೇಲಿಂದ ಕೆಳಗಿನ ಮೇಜಿನ ಮೇಲೆ ಒಗೆದ. ಅದು ಮೊದಲೇ ಮಾತಾಡಿಕೊಂಡಿದ್ದ ಬೀಳು. ಸ್ವಲ್ಪ ಹೊತ್ತಿನ ಮೇಲೆ ಪಂಜರದ ಮೇಲ್ಛಾವಣಿ ಕಿತ್ತು ಮತ್ತೆ ಬಿದ್ದದ್ದು ಮಾತ್ರ ಲೆಕ್ಕದಲ್ಲಿ ಇರಲಿಲ್ಲ. ನಾನು ಹೇಳಿದೆನಲ್ಲ 2014ರ ಆ ಸೋಲು, ಅವತ್ತು ಅಂಡರ್‌ಟೇಕರ್‌ಗೆ ಪಂದ್ಯದ ನಡುವೆಯೇ ತಲೆಗೆ ನಿಜವಾದ ಪೆಟ್ಟಾಗಿತ್ತು. ರಾತ್ರಿ ಆಸ್ಪತ್ರೆಗೆ ಸೇರಿಸಿದ್ರು. ನಾವೆಲ್ಲಾ ಬರೆದಿಟ್ಟ ಸೋಲಿಗೆ ಅಳ್ತಿದ್ವಿ, ಅವನಿಗೆ ಆಗಿದ್ದ ನಿಜವಾದ ಪೆಟ್ಟು ಯಾರಿಗೂ ಕಾಣಲಿಲ್ಲ.

ಇನ್ನೂ ಕಷ್ಟದ್ದು ಓವನ್ ಹಾರ್ಟ್ ಕಥೆ. 1999ರ ಮೇ 23, ಕ್ಯಾನ್ಸಸ್ ಸಿಟಿ. ಅವನು ಸೂಪರ್‌ಹೀರೋ ವೇಷದಲ್ಲಿ ಛಾವಣಿಯಿಂದ ಹಗ್ಗದಲ್ಲಿ ಇಳಿದು ಬರಬೇಕಿತ್ತು. ಕೊಂಡಿ ಬಿಚ್ಚಿಕೊಂಡಿತು. ಸುಮಾರು 78 ಅಡಿ ಮೇಲಿಂದ ರಿಂಗಿಗೆ ಬಿದ್ದು ತೀರಿಕೊಂಡ. ಅಲ್ಲಿ ಕೂತಿದ್ದ ಎಷ್ಟೋ ಜನ ಇದೂ ಆಟದ ಭಾಗ ಅಂದುಕೊಂಡ್ರು. ಕಾಮೆಂಟರಿ ಹೇಳ್ತಿದ್ದ ಜಿಮ್ ರಾಸ್, ಇದು ನಾಟಕ ಅಲ್ಲ ಅಂತ ಟೀವಿ ನೋಡೋರಿಗೆ ಬಿಡಿಸಿ ಹೇಳಬೇಕಾಯ್ತು. ಅವನನ್ನ ಹೊತ್ತುಕೊಂಡು ಹೋದ ಮೇಲೆ ಅದೇ ರಿಂಗಿನಲ್ಲಿ ಉಳಿದ ಪಂದ್ಯಗಳು ನಡೆದವು.

ನಮ್ಮ ಕಡೆಯವರಿಗೆ ಮೈಲಾರದ ಕಾರಣಿಕ ಗೊತ್ತಿರುತ್ತೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂತಾನೆ. ಲಕ್ಷಾಂತರ ಜನ ಉಸಿರು ಬಿಗಿ ಹಿಡೀತಾರೆ. ಒಂದು ಸಾಲು ಭವಿಷ್ಯ ನುಡಿದು ಮೇಲಿಂದ ಕೆಳಗೆ ಬೀಳ್ತಾನೆ. ಕೆಳಗೆ ನಿಂತ ಭಕ್ತರು ಹಿಡೀತಾರೆ. ಎಲ್ಲರೂ ನುಡಿದ ಮಾತಿನ ಅರ್ಥ ಹುಡುಕ್ತಾ ಮನೆಗೆ ಹೋಗ್ತಾರೆ. ಸಣ್ಣವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ನನಗೆ ಮಾತ್ರ ಕೆಳಗೆ ಕೈ ಚಾಚಿ ನಿಂತವರೇ ನೆನಪಿದ್ದಾರೆ. ಬೀಳೋನು ಅವರನ್ನ ನಂಬಿ ಬೀಳ್ತಾನೆ. ಡಬ್ಲ್ಯುಡಬ್ಲ್ಯುಇಯಲ್ಲಿ ಹಾಗೆ ಕೈ ಚಾಚೋನು ಎದುರಾಳಿಯೇ. ಎತ್ತಿ ಒಗೆಯೋನೇ ಬೀಳೋನ ತಲೆ, ಕುತ್ತಿಗೆ ಕಾಪಾಡಬೇಕು. ಹೊಟ್ಟಿನ ಗುಡ್ಡೆ ಮೇಲೆ ನಮಗೆ ಗೊತ್ತಿಲ್ಲದೇ ಇದ್ದಿದ್ದು ಇದೇ. ಓವನ್ ಹಾರ್ಟ್‌ಗೆ ಅವತ್ತು ಕೆಳಗೆ ಯಾರೂ ಇರಲಿಲ್ಲ.

ಹಾಗಾಗಿ "ಎಲ್ಲಾ ಸುಳ್ಳು" ಅನ್ನೋ ಮಾತು ನನಗೆ ಈಗ ಹಿಡಿಸೋದಿಲ್ಲ. ಎಲ್ಲಾ ಸುಳ್ಳು ಅಂದುಬಿಟ್ರೆ ಬಿದ್ದವನನ್ನ ನೋಡೋ ಜವಾಬ್ದಾರಿ ನಮಗಿರಲ್ಲ. ಆ ಕುಸ್ತಿಪಟುಗಳು ಕಂಪನಿಯ ನೌಕರರೂ ಅಲ್ಲ, ಸ್ವತಂತ್ರ ಗುತ್ತಿಗೆದಾರರು ಅಂತ ಕಾಗದದಲ್ಲಿ ಇರುತ್ತೆ. ನೋಡೋನು ನಾನೂ ಇದರಲ್ಲಿ ಪಾಲುದಾರನೇ. ನೋಡೋದನ್ನ ಬಿಟ್ಟುಬಿಡಬೇಕಾ? ಕೆಲವು ವಾರ ಬಿಟ್ಟಿದ್ದೂ ಉಂಟು, ಮತ್ತೆ ಶುರು ಮಾಡಿದ್ದೂ ಉಂಟು. ಈ ಪ್ರಶ್ನೆಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ.

*

ದೊಡ್ಡಪ್ಪನ ವಿಷಯಕ್ಕೆ ಬರ್ತೀನಿ. ಟೀವಿ ಕುಸ್ತಿ ಬಿಟ್ಟ ಮೇಲೆ ಸುಮಾರು ಎರಡು ವರ್ಷ ಆ ಮಾತನ್ನ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಒಂದು ಸಲ ಕೊಟ್ಟೂರೇಶ್ವರನ ತೇರಿಗೆ ಊರಿಂದ ನಡಕೊಂಡು ಹೋಗ್ತಿದ್ವಿ. ರಾತ್ರಿ ಹೊತ್ತು, ಜನ ಹಿಂದೆ ಮುಂದೆ ಆಗಿ ನಾವಿಬ್ಬರೇ ಉಳಿದಿದ್ವಿ. ತಾವಾಗಿಯೇ ಶುರು ಮಾಡಿದ್ರು.

"ಅವತ್ತ ನೀ ಹೇಳಿದ್ದಕ್ಕ ನಂಗ ಸಿಟ್ಟು ಬಂತು ಅಂತ ತಿಳ್ಕಂಡಿಯೇನ ತಮ್ಮಾ?"

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಎಪ್ಪತ್ತರ ದಶಕದ ಮಾತು. ಹಡಗಲಿ ಕಡೆ ಒಂದು ಜಾತ್ರೆ. ಹುಡುಗರ ಕಾಯಿ ಕುಸ್ತಿ, ಸಣ್ಣ ಜೋಡಿಗಳು ಎಲ್ಲಾ ಮುಗಿದು ಕಡೇ ಕುಸ್ತಿ, ಬೆಳ್ಳಿ ಕಡಗದ್ದು. ಎದುರಾಳಿ ಹೊಸಪೇಟೆ ಕಡೆಯವನು. ಅಖಾಡಕ್ಕೆ ಇಳಿಯೋ ಮುಂಚೆ ಅವನ ಉಸ್ತಾದ್ ಬಂದು ಕಿವಿಯಲ್ಲಿ ಹೇಳಿದನಂತೆ: ಇಬ್ಬರೂ ಮುಂದಿನ ವಾರ ಇನ್ನೊಂದು ಜಾತ್ರೆಗೆ ಹೋಗಬೇಕು, ಮೈ ಮುರ್ಕೊಳ್ಳೋದು ಯಾಕೆ, ಕುಸ್ತಿ ಸಮ ಮಾಡಿಕೊಳ್ಳಿ, ಬಂದ ರೊಕ್ಕ ಅರ್ಧರ್ಧ. ದೊಡ್ಡಪ್ಪನಿಗೆ ಮೊಣಕಾಲು ನೋವಿತ್ತು. ಮನೆಯಲ್ಲಿ ಕಷ್ಟವೂ ಇತ್ತು. ಒಪ್ಪಿದ್ರು.

"ಅರ್ಧ ತಾಸು ಆಡಿದ್ವಿ. ಹಲಗಿ ಹೊಡ್ಯಾರು ಹೊಡದಾ ಹೊಡದ್ರು. ಜನ ಒಂದ ಸಮ ಕೂಗತಾರ. ನಾ ಅವನ್ನ ಚಿತ್ ಮಾಡಾಕ ಎರಡು ಸಲ ಬರ್ತಿತ್ತು, ಬಿಟ್ಟೆ. ಅವನೂ ಬಿಟ್ಟ. ಸಮ ಅಂತ ಕೈ ಎತ್ತಿದ್ರು. ಆಮ್ಯಾಲ ಜನ ಆಯೇರಿ ಮಾಡಾಕ ಬಂದ್ರು. ಒಬ್ಬ ಮುದುಕ, ಮೈಮ್ಯಾಲ ಅಂಗಿ ಸಹಿತ ನೆಟ್ಟಗಿಲ್ಲ, ರುಮಾಲಿನಾಗ ಕಟ್ಟಿದ್ದ ಒಂದು ರೂಪಾಯಿ ಬಿಚ್ಚಿ ನನ್ನ ಕೈಯಾಗ ಇಟ್ಟ. ಹೆಣ್ಣಮಗಳ ಊರಿಂದ ನಡಕೊಂಡ ಬಂದಿದ್ದನಂತ, ನನ್ನ ಕುಸ್ತಿ ನೋಡಾಕ. 'ಜೀವ ಒತ್ತಿ ಇಟ್ಟು ಆಡಿದಿ ಮಗನ' ಅಂದ."

ಸ್ವಲ್ಪ ದೂರ ಸುಮ್ಮನೆ ನಡೆದ್ರು.

"ಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ. ಇಸ್ಕೊಂಡೆ. ಆ ಟೀವಿಯಾರು ಬರಕೊಂಡು ಆಡ್ತಾರಂತ ನೀ ಅಂದಾಗ ಆ ರೂಪಾಯಿ ನೆನಪಾತು. ನೋಡಾಕ ಮನಸು ಬರಲಿಲ್ಲ, ಅಷ್ಟ."

ನಾನು ಎರಡು ವರ್ಷ ಅಂದುಕೊಂಡಿದ್ದು ಮುದುಕರ ನಂಬಿಕೆ ಮುರಿದೆ ಅಂತ. ನಾನು ಮುಟ್ಟಿದ್ದು ಅವರ ನಂಬಿಕೆಯನ್ನಲ್ಲ, ಹಳೇ ಗಾಯವನ್ನ. ಅವತ್ತು ಮಾಡಿದ್ದು ನೋಡೋಕೆ ಡಬ್ಲ್ಯುಡಬ್ಲ್ಯುಇ ಥರಾನೇ ಇದೆ: ಫಲಿತಾಂಶ ಮೊದಲೇ ತೀರ್ಮಾನ, ಇಬ್ಬರೂ ಸೇರಿ ಆಡಿದ ಆಟ, ಜನಕ್ಕೆ ಖುಷಿ. ಒಂದೇ ವ್ಯತ್ಯಾಸ. ಆ ಮುದುಕ ರುಮಾಲಿನ ಗಂಟು ಬಿಚ್ಚಿದ್ದು ಇದು ನಿಜವಾದ ಕುಸ್ತಿ ಅಂತ ನಂಬಿ.

*

ಈಗ ನನ್ನ ಕೆಲಸ. ಇದನ್ನ ಬರೆಯೋದು ಬೇಡ ಅಂತಾನೇ ಇತ್ತು, ಆದರೆ ದೊಡ್ಡಪ್ಪನ ಗುಟ್ಟು ಬರೆದು ನನ್ನದನ್ನ ಮುಚ್ಚಿಟ್ರೆ ಸರಿಯಾಗಲ್ಲ.

ಕೆಲವು ವರ್ಷದ ಹಿಂದೆ ಒಂದು ಗಿರಾಕಿ ಕಂಪನಿಗೆ ನಾವು ಡೆಮೋ ಕೊಡಬೇಕಿತ್ತು. ಗೋದಾಮಿನಲ್ಲಿ ಯಾವ ಸರಕು ಯಾವಾಗ ಖಾಲಿಯಾಗುತ್ತೆ ಅಂತ ಮುಂಚೆಯೇ ಹೇಳೋ ಸಾಫ್ಟ್‌ವೇರ್. ಅದು ಇನ್ನೂ ಕೆಲಸ ಮಾಡ್ತಿರಲಿಲ್ಲ. ನಾನು ಹಿಂದಿನ ರಾತ್ರಿ ಕೂತು ಐದು ಸರಕಿಗೆ ಉತ್ತರವನ್ನ ಕೋಡಿನೊಳಗೇ ಬರೆದಿಟ್ಟೆ. ಡೆಮೋ ಕೊಡೋನು ಆ ಐದನ್ನೇ ಆರಿಸಬೇಕು, ಅಷ್ಟೇ. ನಡುವೆ ಎರಡು ಸೆಕೆಂಡ್ ತಿರುಗೋ ಚಕ್ರವನ್ನೂ ಹಾಕಿದ್ದೆ, ಲೆಕ್ಕ ಹಾಕ್ತಿದೆ ಅಂತ ಕಾಣಲಿ ಅಂತ. ಸೆಲ್ಲಿಂಗ್!

ಡೆಮೋ ಚೆನ್ನಾಗಿ ಆಯ್ತು. ಗಿರಾಕಿ ಕಡೆಯಿಂದ ಬಂದಿದ್ದ ಒಬ್ಬ ಮೇಡಂ ಪರದೆಯ ಫೋಟೋ ತಗೊಂಡ್ರು. ನಮ್ಮ ರಾತ್ರಿ ಪಾಳಿಯವರಿಗೆ ಇದನ್ನ ತೋರಿಸ್ತೀನಿ, ಅವರು ಪಾಪ ಕೈಯಲ್ಲಿ ಬರೀತಾರೆ ಅಂದ್ರು. ನಮ್ಮ ಕಡೆ ಎಲ್ಲರೂ ಕೈ ಕುಲುಕಿದ್ರು. ನಿಜವಾದದ್ದು ಅವರಿಗೆ ಸಿಕ್ಕಿದ್ದು ಹೇಳಿದ್ದಕ್ಕಿಂತ ಐದು ತಿಂಗಳು ತಡವಾಗಿ. ಅಲ್ಲೀವರೆಗೂ ಆ ರಾತ್ರಿ ಪಾಳಿಯವರು ಕೈಯಲ್ಲೇ ಬರೆದಿರಬೇಕು.

ಎಲ್ಲರೂ ಹೀಗೇ ಮಾಡ್ತಾರೆ, ಡೆಮೋ ಅಂದ್ರೇನೇ ನಾಟಕ, ಅವರಿಗೂ ಗೊತ್ತಿರುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕೆಲವರಿಗೆ ಗೊತ್ತಿತ್ತೋ ಏನೋ. ಫೋಟೋ ತಗೊಂಡ ಆ ಮೇಡಂಗೆ ಗೊತ್ತಿರಲಿಲ್ಲ. ಅವರ ಫೋಟೋ ನನ್ನ ಪಾಲಿನ ಒಂದು ರೂಪಾಯಿ.

ಕ್ಯಾಂಟೀನಿನ ಆ ಮಾತುಕತೆ ಆದ ಮೇಲಿನ ವಾರ ನಮ್ಮ ಟೀಮಿನ ಹೊಸ ಹುಡುಗ ಬಂದು ಕೇಳಿದ. "ಸರ್, ಶುಕ್ರವಾರದ ಡೆಮೋಗೆ ಡೇಟಾ ಹಾರ್ಡ್‌ಕೋಡ್ ಮಾಡ್ಲಾ?" ಮಾಡು ಅಂದೆ. ಆದರೆ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ 'ಮಾದರಿ ಮಾತ್ರ, ಲೆಕ್ಕದ ಭಾಗ ಇನ್ನೂ ತಯಾರಾಗಿಲ್ಲ' ಅಂತ ಹಾಕು ಅಂದೆ. ಮ್ಯಾನೇಜರ್ ಮುಖ ಸಣ್ಣದಾಯ್ತು. ಗಿರಾಕಿ ಇನ್ನೂ ಸಹಿ ಹಾಕಿಲ್ಲ. ಹಾಕದೆಯೂ ಇರಬಹುದು. ಈ ವರ್ಷದ ಅಪ್ರೈಸಲ್‌ನಲ್ಲಿ ನನಗೆ ಅದರ ಲೆಕ್ಕ ಬಂದೇ ಬರುತ್ತೆ.

ಗೆಳೆಯನಿಗೆ ಈಗ ಹೇಳಬಹುದು: ನಾನು ನೋಡೋ ಕುಸ್ತಿ ಸುಳ್ಳು ಅಂತ ಅದನ್ನ ಆಡೋರೇ ಒಪ್ಪಿಕೊಂಡಿದ್ದಾರೆ. ನಾವು ಇಲ್ಲಿ ದಿನಾ ಆಡೋದರಲ್ಲಿ ಎಷ್ಟನ್ನ ಒಪ್ಪಿಕೊಂಡಿದ್ದೀವಿ?

ಈ ಸಲ ತೇರಿಗೆ ಊರಿಗೆ ಹೋಗಿದ್ದೆ. ದೊಡ್ಡಪ್ಪನಿಗೆ ಈಗ ಎಂಬತ್ತರ ಹತ್ರ. ಮೊಣಕಾಲು ಪೂರ್ತಿ ಹೋಗಿದೆ, ಕಟ್ಟೆ ಮೇಲೆ ಕೂತೇ ಇರ್ತಾರೆ. ನಾನು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಕುಸ್ತಿ ಹಾಕಿದೆ. ಸುಮ್ಮನೆ ನೋಡ್ತಿದ್ದವರು ಕತ್ತು ಚಾಚಿ ಕೇಳಿದ್ರು.

"ಇವತ್ತ ಯಾರ್ ಗೆಲ್ಲಬೇಕಂತ ಬರ್ದಾರ?"

"ಗೊತ್ತಿಲ್ರಿ ದೊಡ್ಡಪ್ಪ."

"ಹಂಗಾರ ನೋಡಾಣು ತಡಿ."

ಐದು ನಿಮಿಷ ಆಗಿರಲಿಲ್ಲ, ಹಿಂದಿನಿಂದ ಬಂದು ಒಬ್ಬ ಕುರ್ಚಿ ಎತ್ತಿದ. ದೊಡ್ಡಪ್ಪ ಕಟ್ಟೆಗೆ ಕೈ ಊರಿ ಎದ್ದೇಳೋಕೆ ನೋಡಿದ್ರು. "ಲೇ, ಹಿಂದ ನೋಡಲೇ! ಹಿಂದ!"